ಮಣ್ಣಿನಲ್ಲಿ ಟನ್‌ಗಟ್ಟಲೆ ಕಬ್ಬಿಣ ಇರುವಾಗ ನ್ಯಾನೋ ಕಬ್ಬಿಣ ಯಾಕೆ?

ಮುಂಗಾರಿನ ಎರಡು ಮೂರು ದೊಡ್ಡ ಮಳೆ ಬಿದ್ದ ಮೇಲೆ ವಿಜಯಪುರ, ಬಾಗಲಕೋಟೆ ಕಡೆಯ ಎರೆ ಹೊಲದಲ್ಲಿ ಶೇಂಗಾ ನೋಡಬೇಕು. ಬಿತ್ತಿ ತಿಂಗಳಾಗಿರುತ್ತದೆ. ಕೆಳಗಿನ ಹಳೆ ಎಲೆಗಳು ಹಸಿರಾಗಿಯೇ ಇರುತ್ತವೆ, ತುದಿಯ ಎಳೆ ಎಲೆಗಳು ಮಾತ್ರ ಹಳದಿ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದರೆ ನರಗಳು ಹಸಿರು, ನರಗಳ ನಡುವಿನ ಜಾಗ ಹಳದಿ. ಹಾಗೇ ಬಿಟ್ಟರೆ ಸ್ವಲ್ಪ ದಿನದಲ್ಲಿ ನರವೂ ಬಿಳುಚಿ ಇಡೀ ಎಲೆ ಕಾಗದದ ಬಣ್ಣಕ್ಕೆ ಬರುತ್ತದೆ, ಅಂಚು ಸುಟ್ಟ ಹಾಗೆ ಒಣಗುತ್ತದೆ. ಹೊಲ ಪೂರ್ತಿ ಹೀಗಾಗುವುದಿಲ್ಲ. ನೀರು ನಿಲ್ಲುವ ತಗ್ಗಿನಲ್ಲಿ, ಸುಣ್ಣದ ಹರಳು ಜಾಸ್ತಿ ಇರುವ ಕಡೆ ತೇಪೆ ಹಾಕಿದಂತೆ ಕಾಣುತ್ತದೆ. ಎಷ್ಟೋ ಜನ ಇದನ್ನು ನೋಡಿ ಸಾರಜನಕ ಕಡಿಮೆಯಾಗಿದೆ ಅಂತ ಯೂರಿಯಾ ಎರಚುತ್ತಾರೆ. ಸಾರಜನಕ ಕಡಿಮೆಯಾದರೆ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ಎಳೆ ಎಲೆ ಮೊದಲು ಹಳದಿಯಾದರೆ, ಅದರಲ್ಲೂ ಸುಣ್ಣದ ಮಣ್ಣಿನಲ್ಲಿ, ಬಹುತೇಕ ಅದು ಕಬ್ಬಿಣದ ಕೊರತೆ.

ಈ ಕೊರತೆಗೆ ಹೊಸ ಮದ್ದು ಅಂತ ಕೆಲವು ವರ್ಷಗಳಿಂದ ಕೇಳಿಬರುತ್ತಿರುವುದು ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳು. ಎಲೆ ಹಸಿರಾಗುತ್ತದೆ, ಬೇರು ಉದ್ದವಾಗುತ್ತದೆ, ಇಳುವರಿ ಏರುತ್ತದೆ ಎನ್ನುವ ಸಂಶೋಧನಾ ಲೇಖನಗಳು ಬರುತ್ತಲೇ ಇವೆ. ಅವುಗಳಲ್ಲಿ ಒಳ್ಳೆಯ ವಿಜ್ಞಾನವೂ ಇದೆ. ಆದರೆ ರೈತನ ಕೈಗೆ ಬಾಟಲಿ ಕೊಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈಗಾಗಲೇ ಇರುವ ಅಗ್ಗದ ಕಬ್ಬಿಣವನ್ನು ಸರಿಯಾಗಿ ಬಳಸಿದರೆ ಸಿಗುವುದಕ್ಕಿಂತ ಇದರಿಂದ ಜಾಸ್ತಿ ಏನು ಸಿಗುತ್ತದೆ? ಬಹಳಷ್ಟು ಪ್ರಯೋಗಗಳು ಈ ಪ್ರಶ್ನೆಯನ್ನು ಕೇಳಿಯೇ ಇಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಒಂದು ಲೆಕ್ಕ. ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಕಬ್ಬಿಣ ಶೇ 3ರಷ್ಟು ಅಂತ ಹಿಡಿದರೂ 27 ಟನ್ ಆಯಿತು. ಬೆಳೆ ತೆಗೆದುಕೊಳ್ಳುವುದು ಹೆಚ್ಚೆಂದರೆ ಒಂದೆರಡು ಕಿಲೋ. ಅಂದರೆ ಬರಿಯ ಲೆಕ್ಕಕ್ಕೆ ಸಾವಿರಾರು ಬೆಳೆಗೆ ಸಾಕಾಗುವಷ್ಟು ಕಬ್ಬಿಣ ಕಾಲಡಿಯಲ್ಲೇ ಇದೆ. ಆದರೆ ಮಣ್ಣು ಪರೀಕ್ಷೆಯಲ್ಲಿ ಅಳೆಯುವುದು ಗಿಡಕ್ಕೆ ಸಿಗುವ ಕಬ್ಬಿಣವನ್ನು. ಅದು ಹತ್ತು ಲಕ್ಷ ಭಾಗಕ್ಕೆ 4.5 ಭಾಗಕ್ಕಿಂತ ಕಡಿಮೆ ಇದ್ದರೆ ಕೊರತೆ ಎನ್ನುವುದು ನಮ್ಮಲ್ಲಿ ಬಹುಕಾಲದಿಂದ ಇರುವ ಗುರುತು. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 4 ಕಿಲೋ. 27 ಟನ್ ಒಂದು ಕಡೆ, 4 ಕಿಲೋ ಇನ್ನೊಂದು ಕಡೆ. ಗಿಡ ಬೀಗ ಹಾಕಿದ ಕಣಜದ ಮುಂದೆ ಹಸಿದು ಕೂತಿದೆ.

ಬೀಗ ಹಾಕಿದ್ದು ಸುಣ್ಣ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿ, ಅಂದರೆ ಫೆರಿಕ್ ರೂಪದಲ್ಲಿ ಇರುತ್ತದೆ. ಅದು ನೀರಿನಲ್ಲಿ ಕರಗುವುದೇ ಕಷ್ಟ. ಮಣ್ಣಿನ ರಸಸಾರ, ಅಂದರೆ ಪಿಎಚ್, ಒಂದು ಅಂಕಿ ಏರಿದರೆ ಫೆರಿಕ್ ಕಬ್ಬಿಣ ಕರಗುವುದು ಸಾವಿರ ಪಟ್ಟು ಕಡಿಮೆಯಾಗುತ್ತದೆ. ನಮ್ಮ ಸುಣ್ಣದ ಎರೆ ಮಣ್ಣಿನ ರಸಸಾರ 8ರ ಮೇಲೆಯೇ ಇರುತ್ತದೆ. ಶೇಂಗಾದಂಥ ಗಿಡಗಳು ಸುಮ್ನೆ ಕೂರುವುದಿಲ್ಲ. ಬೇರಿನಿಂದ ಆಮ್ಲ ಬಿಟ್ಟು ತುಕ್ಕನ್ನು ಕರಗಿಸುತ್ತವೆ, ಅದನ್ನು ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ತಿರುಗಿಸಿ ಒಳಗೆ ಎಳೆದುಕೊಳ್ಳುತ್ತವೆ. ಮಳೆ ಬಿದ್ದು ಮಣ್ಣು ತೊಯ್ದಾಗ ಸುಣ್ಣದಿಂದ ಬೈಕಾರ್ಬೊನೇಟ್ ಹುಟ್ಟಿ, ಬೇರು ಬಿಟ್ಟ ಆಮ್ಲವನ್ನು ಅಲ್ಲೇ ಕೊಲ್ಲುತ್ತದೆ. ಮಳೆಯಾದ ಮೇಲೆ ಹಳದಿ ಹೆಚ್ಚುವುದು ಇದಕ್ಕೇ. ಜೋಳ, ಮೆಕ್ಕೆಜೋಳ, ಗೋಧಿಯಂಥ ಹುಲ್ಲಿನ ಜಾತಿಯ ಬೆಳೆಗಳದ್ದು ಬೇರೆ ದಾರಿ. ಕಬ್ಬಿಣವನ್ನು ಹಿಡಿದು ತರುವ ಒಂದು ಸಾವಯವ ಪದಾರ್ಥವನ್ನೇ ಅವು ಮಣ್ಣಿಗೆ ಬಿಡುತ್ತವೆ. ಮೆಕ್ಕೆಜೋಳದ ಪಕ್ಕದಲ್ಲಿ ಬೆಳೆದ ಶೇಂಗಾ ಕಡಿಮೆ ಹಳದಿಯಾಗುತ್ತದೆ ಅಂತ ಚೀನಾದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಒಂದು ಬೆಳೆ ಕರಗಿಸಿದ ಕಬ್ಬಿಣ ಇನ್ನೊಂದಕ್ಕೂ ಸಿಗುತ್ತದೆ. ಯಾವ ಬಾಟಲಿಯೂ ಇಲ್ಲದೆ ನಡೆಯುವ ಈ ಕೆಲಸಕ್ಕೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ.

ಈಗ ಇರುವ ಮದ್ದು ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಸುಣ್ಣದ ಮಣ್ಣಿಗೆ ಇದನ್ನು ನೇರವಾಗಿ ಹಾಕಿದರೆ ಬೇಗನೆ ತುಕ್ಕಾಗಿ ಕೂತುಬಿಡುತ್ತದೆ. ಅದಕ್ಕೇ ಎಲೆಗೆ ಸಿಂಪಡಿಸುತ್ತಾರೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕೇಳಲು ಸುಲಭ, ಆದರೆ ಕೆಲಸ ಕೆಡುವುದು ಇಲ್ಲೇ. ಒಳ್ಳೆಯ ಅನ್ನಭೇದಿ ತಿಳಿ ಹಸಿರು ಹರಳು. ಚೀಲ ಬಾಯಿ ಬಿಟ್ಟುಕೊಂಡು ಮೂಲೆಯಲ್ಲಿ ಕೂತರೆ ಹರಳಿನ ಮೇಲೆ ಕಂದು ಪುಡಿ ಕೂರುತ್ತದೆ. ಬೋರ್‌ವೆಲ್‌ನ ಸುಣ್ಣದ ನೀರಿಗೆ ಹಾಕಿ, ಸಿಟ್ರಿಕ್ ಆಮ್ಲ ಮರೆತು, ಊಟ ಮಾಡಿ ಬಂದು ನೋಡಿದರೆ ಡ್ರಮ್ಮಿನ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಅದು ಅನ್ನಭೇದಿಯಾಗಿ ಉಳಿದಿಲ್ಲ, ತುಕ್ಕಿನ ನೀರು. ಅದನ್ನು ಹೊಡೆದು ಗಿಡ ಹಸಿರಾಗಲಿಲ್ಲ ಅಂದರೆ ತಪ್ಪು ಔಷಧದ್ದಲ್ಲ. ಪ್ರಮಾಣ ಜಾಸ್ತಿಯಾದರೆ ಎಲೆ ಸುಡುತ್ತದೆ, ಅದೂ ನಿಜ. ಇನ್ನು ಚಿಲೇಟೆಡ್ ಕಬ್ಬಿಣ, ಅಂದರೆ ತುಕ್ಕಾಗದಂತೆ ಒಂದು ಸಾವಯವ ಪದಾರ್ಥ ಹಿಡಿದಿಟ್ಟುಕೊಂಡ ಕಬ್ಬಿಣ, ಅಂತ ಮಾರುವುದರಲ್ಲೂ ಎರಡು ಬಗೆ. ಇಡಿಟಿಎ ರೂಪದ್ದು ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಸಿಂಪಡಣೆಗೆ ಸರಿ. ಇಡಿಡಿಎಚ್‌ಎ ರೂಪದ್ದು ಸುಣ್ಣದ ಮಣ್ಣಿನಲ್ಲೂ ನಿಲ್ಲುತ್ತದೆ, ಆದರೆ ದುಬಾರಿ. ದ್ರಾಕ್ಷಿ ಬೆಳೆಗಾರರು ಹಾಕಬಲ್ಲರು, ಒಣ ಬೇಸಾಯದ ಶೇಂಗಾಕ್ಕೆ ಅಷ್ಟು ಖರ್ಚು ಮಾಡಲು ಆಗುವುದಿಲ್ಲ.

ಈ ಕಷ್ಟಗಳೇ ನ್ಯಾನೋ ಕಬ್ಬಿಣಕ್ಕೆ ಜಾಗ ಮಾಡಿಕೊಟ್ಟಿರುವುದು. ಸುಡದ, ಬೇಗ ಕೆಡದ, ನಿಧಾನವಾಗಿ ಕಬ್ಬಿಣ ಬಿಡುವ, ಅಗ್ಗದ ಒಂದು ರೂಪ ಸಿಕ್ಕರೆ ಯಾರಿಗೆ ಬೇಡ?

ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದಾಗ ಬರುವ ಒಂದು ಪಾಲು. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳನ್ನು ನ್ಯಾನೋ ಕಣ ಎನ್ನುತ್ತಾರೆ. ಒಂದು ಮಿಲಿಮೀಟರ್ ಹರಳನ್ನು 10 ನ್ಯಾನೋಮೀಟರ್ ಚೂರುಗಳಾಗಿ ಒಡೆದರೆ ತೂಕ ಅಷ್ಟೇ ಇರುತ್ತದೆ, ಹೊರಮೈ ಮಾತ್ರ ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. ಕರಗುವುದು, ಅಂಟುವುದು, ರಾಸಾಯನಿಕ ಕ್ರಿಯೆ ನಡೆಯುವುದು ಎಲ್ಲವೂ ಹೊರಮೈಯಲ್ಲೇ ಅಲ್ವಾ, ಅದಕ್ಕೇ ಇದರ ಗುಣ ಬೇರೆ. ಕಬ್ಬಿಣದ ಆಕ್ಸೈಡಿನಲ್ಲಿ ಮುಖ್ಯವಾಗಿ ಮೂರು ರೂಪ ಬಳಕೆಯಲ್ಲಿವೆ: ಕಪ್ಪಗಿನ ಮ್ಯಾಗ್ನೆಟೈಟ್, ಕಂದು ಮ್ಯಾಗ್‌ಹೆಮೈಟ್, ಕೆಂಪು ಹೆಮಟೈಟ್. ಮ್ಯಾಗ್ನೆಟೈಟ್ ತಯಾರಿಸುವುದು ಅಂಥ ಕಷ್ಟದ ಕೆಲಸವೂ ಅಲ್ಲ. ಫೆರಸ್ ಲವಣ ಒಂದು ಪಾಲು, ಫೆರಿಕ್ ಲವಣ ಎರಡು ಪಾಲು ನೀರಿನಲ್ಲಿ ಕರಗಿಸಿ ಅಮೋನಿಯಾ ಬಿಟ್ಟರೆ ಕಣ್ಣೆದುರೇ ಕಪ್ಪು ಗಸಿ ಮೂಡುತ್ತದೆ. ಬೀಕರಿನ ಪಕ್ಕ ಅಯಸ್ಕಾಂತ ಹಿಡಿದರೆ ಗಸಿ ಪೂರ್ತಿ ಆ ಕಡೆಗೆ ಸರಿಯುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಉಂಡೆಯಾಗದಂತೆ ಸಿಟ್ರಿಕ್ ಆಮ್ಲವನ್ನೋ ಬೇರೆ ಪದಾರ್ಥವನ್ನೋ ಲೇಪಿಸುತ್ತಾರೆ. ಈ ಲೇಪನದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಗಿಡದೊಳಗೆ ಈ ಕಣ ಹೋಗುತ್ತದೆಯೇ? 2008ರಲ್ಲಿ ಪ್ರಕಟವಾದ ಕುಂಬಳದ ಪ್ರಯೋಗ ಇದಕ್ಕೆ ಚೆನ್ನಾಗಿ ಉತ್ತರ ಕೊಟ್ಟಿತ್ತು. ಮ್ಯಾಗ್ನೆಟೈಟ್ ಕಣ ಬೆರೆಸಿದ ನೀರಿನಲ್ಲಿ ಕುಂಬಳದ ಗಿಡ ಬೆಳೆಸಿದರು. ಕಣಗಳಿಗೆ ಅಯಸ್ಕಾಂತ ಗುಣ ಇರುವುದರಿಂದ ಗಿಡದ ಯಾವ ಭಾಗದಲ್ಲಿ ಎಷ್ಟಿದೆ ಅಂತ ಅಳೆಯಲು ಸಾಧ್ಯವಾಯಿತು. ಕೊಟ್ಟ ಕಣಗಳಲ್ಲಿ ಶೇ 45.5ರಷ್ಟು ಬೇರಿನಲ್ಲಿತ್ತು, ಎಲೆಯಲ್ಲಿ ಶೇ 0.6ರಷ್ಟು. ಅದೇ ಗಿಡವನ್ನು ಮರಳಿನಲ್ಲಿ ಬೆಳೆಸಿದಾಗ ಒಳಗೆ ಹೋಗಿದ್ದು ಬಹಳ ಕಡಿಮೆ. ಮಣ್ಣಿನಲ್ಲಿ ಬೆಳೆಸಿದಾಗ ಏನೂ ಕಾಣಲಿಲ್ಲ. ಜೊತೆಗೆ ಪರೀಕ್ಷಿಸಿದ ಇನ್ನೊಂದು ಗಿಡ, ಒಂದು ಜಾತಿಯ ಅವರೆ, ನೀರಿನಲ್ಲೂ ಕಣವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಒಂದೇ ಅಧ್ಯಯನವನ್ನು ಗಮನವಿಟ್ಟು ಓದಿದರೆ ಎಷ್ಟೋ ಗೊಂದಲ ಕಳೆಯುತ್ತದೆ. ಪ್ರಯೋಗಶಾಲೆಯ ನೀರಿನಲ್ಲಿ ಕಂಡದ್ದು ಹೊಲದ ಮಣ್ಣಿಗೆ ಬರುವುದಿಲ್ಲ. ಮಣ್ಣಿನ ಕಣ, ಸುಣ್ಣ, ಸಾವಯವ ಪದಾರ್ಥ ಎಲ್ಲ ಸೇರಿ ಈ ನ್ಯಾನೋ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ.

ಒಳಗೆ ಹೋಗದಿದ್ದರೂ ಪ್ರಯೋಜನ ಆಗಬಾರದು ಎಂದೇನಿಲ್ಲ. ಬೇರಿನ ಹತ್ತಿರ ಕೂತು ನಿಧಾನವಾಗಿ ಕರಗಿದರೂ ಸಾಕು. 2016ರಲ್ಲಿ ಚೀನಾದ ಸಂಶೋಧಕರು ಶೇಂಗಾದ ಮೇಲೆಯೇ ಪ್ರಯೋಗ ಮಾಡಿದರು. ಮರಳು ಮಣ್ಣಿನಲ್ಲಿ ಬೆಳೆದ ಗಿಡಕ್ಕೆ ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣ ಕೊಟ್ಟಾಗ ಬೇರು, ಎತ್ತರ, ತೂಕ, ಎಲೆಯ ಹಸಿರು ಎಲ್ಲವೂ ಹೆಚ್ಚಿತು. ಕಣಗಳು ಮರಳಿಗೆ ಅಂಟಿಕೊಂಡು ತೊಳೆದು ಹೋಗದೆ ಉಳಿದವು. ಈ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು, ಅವರು ಹೋಲಿಕೆಗೆ ಇಡಿಟಿಎ ಕಬ್ಬಿಣವನ್ನೂ ಇಟ್ಟುಕೊಂಡಿದ್ದರು. ನ್ಯಾನೋ ರೂಪ ಹಳೆಯ ಗೊಬ್ಬರದ ಬದಲಿಗೆ ಬಳಸಬಹುದಾದದ್ದು ಅಂತ ಅವರು ತೀರ್ಮಾನಿಸಿದರು. ಅದು ನ್ಯಾಯವಾದ ಮಾತು. ಆದರೆ ಮರಳು ಮಣ್ಣು ಬೇರೆ, ವಿಜಯಪುರದ ಎರೆ ಬೇರೆ.

ಗೊಬ್ಬರವಾಗಿ ಅಲ್ಲದೆ ಬೇರೆ ರೀತಿಯಲ್ಲೂ ಈ ಕಣ ಕೆಲಸ ಮಾಡುತ್ತದೆ. ಅದು ಇನ್ನೂ ಕುತೂಹಲದ ವಿಷಯ. ಮ್ಯಾಗ್ನೆಟೈಟ್ ನ್ಯಾನೋ ಕಣ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕಿಣ್ವದ ಹಾಗೆ ವರ್ತಿಸುತ್ತದೆ ಅಂತ 2007ರಲ್ಲೇ ಗೊತ್ತಾಗಿತ್ತು. ಬರಗಾಲದಲ್ಲಿ ಗಿಡದ ಜೀವಕೋಶಗಳೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡಿಕೊಂಡು ಹಾನಿ ಮಾಡುತ್ತದೆ. 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಸಾಸಿವೆ ಜಾತಿಯ ಒಂದು ಎಣ್ಣೆಕಾಳಿನ ಗಿಡಕ್ಕೆ ಮ್ಯಾಗ್‌ಹೆಮೈಟ್ ಕಣ ಕೊಟ್ಟು ನೀರು ಕಡಿಮೆ ಮಾಡಿದಾಗ ಪೆರಾಕ್ಸೈಡ್ ಕಡಿಮೆಯಿತ್ತು, ಗಿಡ ಚೆನ್ನಾಗಿತ್ತು. ಅದಕ್ಕೂ ಮೊದಲು, 2014ರಲ್ಲಿ, ಆಕ್ಸೈಡ್ ಅಲ್ಲದ ಶುದ್ಧ ಕಬ್ಬಿಣದ ನ್ಯಾನೋ ಕಣ ಕೋಶಗೋಡೆಯನ್ನು ಸಡಿಲಿಸಿ ಬೇರನ್ನು ಉದ್ದ ಮಾಡುತ್ತದೆ ಅಂತ ಪ್ರಯೋಗಶಾಲೆಯ ಪುಟ್ಟ ಗಿಡವೊಂದರಲ್ಲಿ ಕಂಡಿತ್ತು. ಇವೆಲ್ಲ ನಿಜವಾದ ಸಾಧ್ಯತೆಗಳು. ಆದರೆ ಪೆರಾಕ್ಸೈಡಿನ ಜೊತೆ ಕಬ್ಬಿಣ ಸೇರಿದರೆ ಹಾನಿಕಾರಕ ಪದಾರ್ಥಗಳೂ ಹುಟ್ಟುತ್ತವೆ. ಹಾಗಾಗಿ ಒಂದು ಪ್ರಮಾಣದವರೆಗೆ ಒಳ್ಳೆಯದು ಮಾಡಿದ್ದು ಅದರ ಮೇಲೆ ಹೋದರೆ ಕೆಟ್ಟದ್ದು ಮಾಡುತ್ತದೆ, ಆ ಗೆರೆ ಒಂದೊಂದು ಬೆಳೆಗೆ ಒಂದೊಂದು ಕಡೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನ್ಯಾನೋ ಕಬ್ಬಿಣದ ಬಹಳಷ್ಟು ಪ್ರಯೋಗಗಳಲ್ಲಿ ಹೋಲಿಕೆ ಇರುವುದು ಏನೂ ಕೊಡದ ಗಿಡದ ಜೊತೆ. ಕಬ್ಬಿಣ ಇಲ್ಲದೆ ಹಳದಿಯಾದ ಗಿಡಕ್ಕೆ, ಅದಕ್ಕೆ ಸಿಗುವಂಥ ಯಾವ ರೂಪದಲ್ಲಿ ಕಬ್ಬಿಣ ಕೊಟ್ಟರೂ ಹಸಿರಾಗುತ್ತದೆ. ಅದರಿಂದ ನ್ಯಾನೋ ಗಾತ್ರಕ್ಕೆ ಏನು ಶ್ರೇಯಸ್ಸು? ಸರಿಯಾದ ಹೋಲಿಕೆ ಮಾಡಬೇಕೆಂದರೆ ಅಷ್ಟೇ ಕಬ್ಬಿಣವನ್ನು ಅನ್ನಭೇದಿ ರೂಪದಲ್ಲಿ ಕೊಟ್ಟ ಗಿಡ ಪಕ್ಕದಲ್ಲಿರಬೇಕು. ದಪ್ಪ ಕಣದ ಆಕ್ಸೈಡ್ ಕೊಟ್ಟ ಗಿಡ ಇರಬೇಕು. ಬರೀ ಲೇಪನದ ಪದಾರ್ಥ ಕೊಟ್ಟ ಗಿಡವೂ ಇರಬೇಕು. ಈ ಕೊನೆಯದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಸಿಟ್ರಿಕ್ ಆಮ್ಲವೇ ಮಣ್ಣಿನ ಕಬ್ಬಿಣವನ್ನು ಬಿಡಿಸಬಲ್ಲದು. ಕಣಕ್ಕೆ ಅದನ್ನು ಲೇಪಿಸಿ ಕೊಟ್ಟಾಗ ಗಿಡ ಹಸಿರಾದರೆ, ಕೆಲಸ ಮಾಡಿದ್ದು ಕಣವೋ ಲೇಪನವೋ ಅಂತ ಹೇಗೆ ಹೇಳುವುದು? ಸೊಪ್ಪಿನ ರಸದಿಂದ ತಯಾರಿಸಿದ 'ಹಸಿರು' ನ್ಯಾನೋ ಕಣಗಳ ವಿಷಯದಲ್ಲೂ ಇದೇ ಪ್ರಶ್ನೆ. ಸೊಪ್ಪಿನ ರಸದಲ್ಲೂ ಬೆಳವಣಿಗೆಗೆ ಸಹಾಯ ಮಾಡುವ ಪದಾರ್ಥಗಳು ಇರುತ್ತವೆ.

ಇನ್ನೊಂದು, ಎಲೆಯಲ್ಲಿ ಕಬ್ಬಿಣ ಹೆಚ್ಚಾಯಿತು ಎನ್ನುವ ಸಾಕ್ಷಿ. ಸುಣ್ಣದ ಮಣ್ಣಿನಲ್ಲಿ ಹಳದಿಯಾದ ಎಲೆಯನ್ನು ಒಣಗಿಸಿ ಪರೀಕ್ಷಿಸಿದರೆ ಕೆಲವೊಮ್ಮೆ ಅದರಲ್ಲಿ ಹಸಿರು ಎಲೆಗಿಂತ ಜಾಸ್ತಿ ಕಬ್ಬಿಣ ಸಿಗುತ್ತದೆ. ಎಲೆಯೊಳಗೆ ಇದ್ದರೂ ಕೆಲಸಕ್ಕೆ ಬಾರದ ರೂಪದಲ್ಲಿ ಇರುತ್ತದೆ ಅಷ್ಟೇ. ಅದಕ್ಕೇ ನಮ್ಮ ಮಣ್ಣು ವಿಜ್ಞಾನಿಗಳು ಬಹಳ ಹಿಂದೆಯೇ ಒಟ್ಟು ಕಬ್ಬಿಣವನ್ನು ನೆಚ್ಚದೆ, ಹಸಿ ಎಲೆಯಲ್ಲಿರುವ ಫೆರಸ್ ರೂಪದ ಸಕ್ರಿಯ ಕಬ್ಬಿಣವನ್ನು ಅಳೆಯುವ ಪದ್ಧತಿ ತಂದರು. ನ್ಯಾನೋ ಕಣ ಸಿಂಪಡಿಸಿದ ಎಲೆಯಲ್ಲಂತೂ ಮೇಲ್ಮೈಗೆ ಅಂಟಿಕೊಂಡ ಪುಡಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಟ್ಟು ಕಬ್ಬಿಣದ ಅಂಕಿ ತೋರಿಸಿ ಗಿಡ ಹೀರಿಕೊಂಡಿತು ಅಂದರೆ ಒಪ್ಪಬಾರದು.

ಮಣ್ಣಿಗೆ ಹಾಕುವ ವಿಚಾರದಲ್ಲಿ ನನಗೆ ಇನ್ನೂ ಅನುಮಾನ ಇದೆ. ಮಣ್ಣಿನಲ್ಲಿ ತಾನಾಗಿ ಹುಟ್ಟುವ ಫೆರಿಹೈಡ್ರೈಟ್ ಎನ್ನುವ ಕಬ್ಬಿಣದ ಆಕ್ಸೈಡ್ ಕಣಗಳೇ ಕೆಲವು ನ್ಯಾನೋಮೀಟರ್ ಗಾತ್ರದವು. ಅಂದರೆ ಮಣ್ಣಿಗೆ ನ್ಯಾನೋ ಕಬ್ಬಿಣ ಹೊಸದೇನಲ್ಲ. 27 ಟನ್ ಕಬ್ಬಿಣದ ಮೇಲೆ ಕಾರ್ಖಾನೆಯಿಂದ ಬಂದ ಕೆಲವು ನೂರು ಗ್ರಾಂ ಸೇರಿದರೆ ಸುಣ್ಣ ಅದನ್ನು ಬೇರೆಯಾಗಿ ನೋಡುತ್ತದೆಯೇ? ನನಗೆ ಹಾಗೆ ಅನಿಸುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿ ಸಾವಯವ ಅಂಶ ಹೆಚ್ಚಿಸಿದರೆ, ತಗ್ಗಿನ ನೀರು ಹೊರಗೆ ಹರಿಸಿದರೆ ಆಗುವ ಲಾಭ ಇದಕ್ಕಿಂತ ಖಚಿತ. ತಳಿಯಲ್ಲೂ ವ್ಯತ್ಯಾಸವಿದೆ. ಶೇಂಗಾದಲ್ಲಿ ಟಿಎಜಿ 24 ಬೇಗ ಹಳದಿಯಾಗುತ್ತದೆ, ಐಸಿಜಿವಿ 86031 ಸುಣ್ಣದ ಮಣ್ಣಿನಲ್ಲೂ ತಾಳಿಕೊಳ್ಳುತ್ತದೆ. ಇವೆರಡನ್ನೂ ಅಡ್ಡಹಾಯಿಸಿ ಕೊರತೆ ತಾಳುವ ಗುಣ ಎಲ್ಲಿದೆ ಅಂತ ಹುಡುಕುವ ಕೆಲಸ ನಮ್ಮ ನಾಡಿನಲ್ಲೇ ನಡೆದಿದೆ.

ನ್ಯಾನೋ ಎಂದ ಕೂಡಲೇ ನಂಬಬಾರದು ಅನ್ನುವುದಕ್ಕೆ ನ್ಯಾನೋ ಯೂರಿಯಾದ ಅನುಭವ ಕಣ್ಣ ಮುಂದೆಯೇ ಇದೆ. ರಸಗೊಬ್ಬರದ ಸಹಕಾರಿ ಸಂಸ್ಥೆ ಇಫ್ಕೋ 2021ರಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ 500 ಮಿಲಿಲೀಟರ್ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಎಂಬ ಪ್ರಚಾರ ನಡೆಯಿತು. ಆ ಬಾಟಲಿಯಲ್ಲಿ ಸಾರಜನಕ ಶೇ 4, ಅಂದರೆ 20 ಗ್ರಾಂ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ. ಒಂದು ಸಾವಿರ ಪಟ್ಟು ಅಂತರ. ಎಲೆಯ ಮೇಲೆ ಹೊಡೆದರೆ ಪೋಲಾಗುವುದು ಕಡಿಮೆ ಅಂತ ಒಪ್ಪಿದರೂ ಈ ಅಂತರ ತುಂಬುವುದು ಹೇಗೆ? 2023ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಇದೇ ಪ್ರಶ್ನೆ ಎತ್ತಿ ಬರೆದರು. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಹೊಲದ ಪ್ರಯೋಗದಲ್ಲಿ, ಶಿಫಾರಸಿನಂತೆ ಸಾರಜನಕ ಕೊಟ್ಟ ಬೆಳೆಗೆ ಹೋಲಿಸಿದರೆ ನ್ಯಾನೋ ಯೂರಿಯಾ ಬಳಸಿದ ಕಡೆ ಗೋಧಿ ಇಳುವರಿ ಶೇ 21.6, ಭತ್ತ ಶೇ 13ರಷ್ಟು ಕುಸಿಯಿತು. ತಯಾರಕರು ತಮ್ಮ ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿದೆ ಎನ್ನುತ್ತಾರೆ. ಹಾಗಿದ್ದರೆ ಎಲ್ಲರೂ ಒಪ್ಪುವ ಪ್ರಯೋಗ ಮಾರಾಟಕ್ಕೆ ಮೊದಲೇ ನಡೆದಿರಬೇಕಿತ್ತು.

ಕಬ್ಬಿಣದ ವಿಷಯ ಸ್ವಲ್ಪ ಬೇರೆ ಎನ್ನುವುದನ್ನೂ ಹೇಳಬೇಕು. ಸಾರಜನಕ ಎಕರೆಗೆ ಹತ್ತಾರು ಕಿಲೋ ಬೇಕು. ಕಬ್ಬಿಣ ಲಘು ಪೋಷಕಾಂಶ, ಎಲೆಗೆ ತಲುಪಬೇಕಾದದ್ದು ಗ್ರಾಂ ಲೆಕ್ಕದಲ್ಲಿ. ಹಾಗಾಗಿ ಚಿಕ್ಕ ಬಾಟಲಿಯಿಂದ ಕೆಲಸ ಆಗುವುದು ಇಲ್ಲಿ ಅಸಾಧ್ಯವೇನಲ್ಲ. ನನಗೆ ಹೆಚ್ಚು ಭರವಸೆ ಇರುವುದು ಬೀಜೋಪಚಾರದಲ್ಲಿ. ಗೋಧಿ ಬೀಜವನ್ನು ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣ ಬೆರೆಸಿದ ನೀರಿನಲ್ಲಿ ನೆನೆಸಿ ಬಿತ್ತಿದಾಗ ಕಾಳಿನಲ್ಲೂ ಕಬ್ಬಿಣ ಹೆಚ್ಚಿದ್ದನ್ನು ನಮ್ಮ ದೇಶದ ಸಂಶೋಧಕರೇ 2019ರಲ್ಲಿ ವರದಿ ಮಾಡಿದ್ದಾರೆ. ಖರ್ಚು ಕಡಿಮೆ, ಮಣ್ಣಿಗೆ ಸೇರುವುದೂ ಕಡಿಮೆ, ಸುಣ್ಣ ಮಧ್ಯೆ ಬರುವ ಮೊದಲೇ ಬೀಜದ ಹತ್ತಿರ ಕಣ ಇರುತ್ತದೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕಾಳಿನಲ್ಲಿ ಕಬ್ಬಿಣ ಹೆಚ್ಚುವುದು ಸಣ್ಣ ವಿಷಯವಲ್ಲ. ಆದರೆ ಕಾಳಿನ ಫೈಟಿಕ್ ಆಮ್ಲ ಆ ಕಬ್ಬಿಣವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಿದ್ದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ ಎನ್ನುವುದನ್ನೂ ಅಳೆಯಬೇಕು.

ಕರಾವಳಿ, ಮಲೆನಾಡಿನ ರೈತರಿಗೆ ಒಂದು ಮಾತು. ಮೇಲೆ ಹೇಳಿದ್ದೆಲ್ಲ ಸುಣ್ಣದ ಮಣ್ಣಿಗೆ. ಜಂಬಿಟ್ಟಿಗೆಯ ಹುಳಿ ಮಣ್ಣಿನಲ್ಲಿ ಇದು ಪೂರ್ತಿ ತಿರುವುಮುರುವು. ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದೆ ತುಕ್ಕು ಫೆರಸ್ ರೂಪಕ್ಕೆ ಬಂದು ಕರಗುತ್ತದೆ. ನೀರಿನ ಮೇಲೆ ಕೆಂಪು ಕೆನೆ ಕಟ್ಟುತ್ತದೆ, ಭತ್ತದ ಎಲೆಗೆ ಕಂದು ಚುಕ್ಕೆ ಬಂದು ತುದಿಯಿಂದ ಒಣಗುತ್ತದೆ. ಅಲ್ಲಿ ಕಬ್ಬಿಣವೇ ನಂಜು. ಬೇಕಾಗಿರುವುದು ನೀರು ಬಸಿಯುವ ಕಾಲುವೆ, ಸುಣ್ಣ, ಪೊಟ್ಯಾಷ್. 'ಎಲ್ಲ ಬೆಳೆಗೂ, ಎಲ್ಲ ಮಣ್ಣಿಗೂ' ಅಂತ ಲೇಬಲ್ ಹಾಕಿದ ಯಾವುದೇ ಕಬ್ಬಿಣದ ಉತ್ಪನ್ನವನ್ನು ಅಲ್ಲಿಯ ಗದ್ದೆಗೆ ಹಾಕಬೇಡಿ.

ಸುರಕ್ಷತೆಯ ವಿಷಯದಲ್ಲಿ ಬೆಳ್ಳಿ, ತಾಮ್ರದ ನ್ಯಾನೋ ಕಣಗಳಿಗೆ ಹೋಲಿಸಿದರೆ ಕಬ್ಬಿಣದ ಆಕ್ಸೈಡ್ ಸೌಮ್ಯ. ಮಣ್ಣಿಗೆ ಅದು ಪರಿಚಿತ ಪದಾರ್ಥ. ಅಪಾಯ ಇರುವುದು ಒಣ ಪುಡಿಯನ್ನು ಉಸಿರಾಡುವುದರಲ್ಲಿ. ವಾಯುಮಾಲಿನ್ಯದಿಂದ ಬಂದ ಮ್ಯಾಗ್ನೆಟೈಟ್ ನ್ಯಾನೋ ಕಣಗಳು ಮನುಷ್ಯರ ಮೆದುಳಿನಲ್ಲಿ ಸಿಕ್ಕಿದ್ದನ್ನು 2016ರಲ್ಲಿ ಮೆಕ್ಸಿಕೋ ನಗರ ಮತ್ತು ಮ್ಯಾಂಚೆಸ್ಟರ್‌ನವರ ಮಾದರಿಗಳಲ್ಲಿ ತೋರಿಸಿದರು. ಹೊಲದಲ್ಲಿ ಪುಡಿ ಕಲಸುವುದು ಸಾಮಾನ್ಯವಾಗಿ ಕೂಲಿಯವರು, ಅದೂ ಬರಿಗೈಯಲ್ಲಿ, ಮುಖಕ್ಕೆ ಏನೂ ಕಟ್ಟದೆ. ಆದ್ದರಿಂದ ಇದು ಬರುವುದಾದರೆ ದ್ರವ ರೂಪದಲ್ಲೇ ಬರಬೇಕು. ನ್ಯಾನೋ ಕೃಷಿ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಎನ್ನುವುದಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ತಂದಿದೆ. ಗೊಬ್ಬರ ಅಂತ ಮಾರುವುದು ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಬರಬೇಕು. ಅಂಗಡಿಯಲ್ಲಿ ಬಾಟಲಿ ಕೈಗೆ ಬಂದರೆ ಲೇಬಲ್ಲಿನಲ್ಲಿ ಶೇಕಡಾ ಎಷ್ಟು ಕಬ್ಬಿಣ, ಯಾವ ರೂಪದ್ದು, ಕಣದ ಗಾತ್ರ ಎಷ್ಟು ಅಂತ ನೋಡಿ. 'ನ್ಯಾನೋ ಶಕ್ತಿ' ಥರದ ಮಾತು ಮಾತ್ರ ಇದ್ದರೆ ವಾಪಸ್ ಇಡಿ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಂದ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಸುಣ್ಣದ ಎರೆ ಹೊಲದಲ್ಲಿ, ಕನಿಷ್ಠ ಮೂರು ಮುಂಗಾರು, ಶೇಂಗಾದಲ್ಲಿ ಐದು ಪಟ್ಟಿ ಹಾಕಬೇಕು. ಏನೂ ಕೊಡದ್ದು ಒಂದು, ಸಿಟ್ರಿಕ್ ಆಮ್ಲ ಬೆರೆಸಿದ ಅನ್ನಭೇದಿ ಒಂದು, ಬರೀ ಸಿಟ್ರಿಕ್ ಆಮ್ಲ ಒಂದು, ನ್ಯಾನೋ ಕಬ್ಬಿಣದ ಸಿಂಪಡಣೆ ಒಂದು, ನ್ಯಾನೋ ಬೀಜೋಪಚಾರ ಒಂದು. ಎಲೆಯ ಸಕ್ರಿಯ ಕಬ್ಬಿಣ ಅಳೆಯಬೇಕು. ಕೊನೆಗೆ ಎಕರೆಗೆ ಎಷ್ಟು ಕ್ವಿಂಟಾಲ್ ಕಾಯಿ, ಸಿಂಪಡಣೆಯ ಕೂಲಿ ಸೇರಿ ಎಷ್ಟು ಖರ್ಚು ಅಂತ ಲೆಕ್ಕ ಕೊಡಬೇಕು. ಅನ್ನಭೇದಿ ಪಟ್ಟಿಯೇ ಗೆದ್ದರೂ ಆ ಫಲಿತಾಂಶವನ್ನು ಕನ್ನಡದಲ್ಲಿ ಅಚ್ಚು ಹಾಕಿ ರೈತ ಸಂಪರ್ಕ ಕೇಂದ್ರಗಳಿಗೆ ಕಳಿಸಬೇಕು.